ಮೂಲೆಯನ್ನು ಎಣಿಸುವ ಮುನ್ನ

ಶಿವಮೊಗ್ಗ ನಗರದ ರಾಗಿಗುಡ್ಡದಲ್ಲಿ ನಾವು ವಾಸವಾಗಿರುವ ಬೀದಿಯ ಹುಡುಗಿಯೊಬ್ಬಳು, ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಕೆಲವು ದಿನಗಳ ಹಿಂದೆ ತನ್ನ ಗಣಿತದ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ‘ಶಂಕುವಿಗೆ ಎಷ್ಟು ಶೃಂಗಗಳು, ಎಷ್ಟು ಅಂಚುಗಳು?’ ಎಂಬುದು ಪ್ರಶ್ನೆ. ‘ಒಂದು ಶೃಂಗ, ಒಂದು ಅಂಚು’ ಎಂದು ಆಕೆ ಬರೆದಿದ್ದಳು. ಉತ್ತರದ ಮೇಲೆ ಕೆಂಪು ಶಾಯಿಯ ಗೀಟು ಬಿದ್ದು, ಪಕ್ಕದಲ್ಲಿ ಸೊನ್ನೆಯೊಂದು ಕುಳಿತಿತ್ತು. “ಸಾರ್, ಶಂಕುವಿನ ಬುಡದಲ್ಲಿ ದುಂಡಗೆ ಒಂದು ಗೆರೆ ಇದೆಯಲ್ಲ, ಅದು ಅಂಚಲ್ಲವೆ? ನಮ್ಮ ಪುಸ್ತಕದಲ್ಲಿ ಶಂಕುವಿಗೆ ಅಂಚೇ ಇಲ್ಲವೆಂದಿದೆ. ನನ್ನ ಗೆಳತಿಯ ಹತ್ತಿರವಿರುವ ಪುಸ್ತಕದಲ್ಲಿ ಒಂದು ಅಂಚು ಎಂದಿದೆ. ಎರಡರಲ್ಲಿ ಯಾವುದು ಸರಿ?” ಎಂದು ಕೇಳಿದಳು.

ಒಂದು ಅಂಕ ಹೋದುದು ದೊಡ್ಡ ನಷ್ಟವೇನೂ ಅಲ್ಲ. ಆದರೆ ಆ ಕೆಂಪು ಗೀಟಿನಿಂದ ಆಕೆ ಕಲಿತ ಪಾಠ ಯಾವುದೆಂದು ಯೋಚಿಸಿದಾಗ ಮನಸ್ಸಿಗೆ ಕಳವಳವಾಗುತ್ತದೆ. ರೇಖಾಗಣಿತದಲ್ಲಿ ಸರಿ ತಪ್ಪುಗಳನ್ನು ಕಣ್ಣಿನಿಂದ ನೋಡಿ, ಬುದ್ಧಿಯಿಂದ ಆಲೋಚಿಸಿ ನಿರ್ಧರಿಸುವಂತಿಲ್ಲ, ಪರೀಕ್ಷಕರು ಓದಿರುವ ಪುಸ್ತಕ ಯಾವುದೆಂದು ಊಹಿಸಿಕೊಳ್ಳಬೇಕು ಎಂಬುದೇ ಆಕೆ ಕಲಿತ ಪಾಠ. ಯಾರ ಅಪ್ಪಣೆಗೂ ಕಾಯದೆ ತರ್ಕವೊಂದನ್ನೇ ನೆಚ್ಚಿ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬೆಳೆದುಬಂದ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. ಶೃಂಗ, ಅಂಚು ಎಂಬ ಎರಡು ಸರಳವಾದ ಮಾತುಗಳನ್ನು ನಾವು ಕಲಿಸುತ್ತಿರುವ ಕ್ರಮವೇ ಸರಿಯಿಲ್ಲವೆಂದೂ, ಎಣಿಸಲು ತೊಡಗುವ ಮುನ್ನ ‘ನಾವು ಎಣಿಸುತ್ತಿರುವುದು ಏನನ್ನು?’ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂದೂ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಮಾತುಗಳನ್ನೇ ಪರಿಶೀಲಿಸೋಣ. ‘ಶೃಂಗ’ ಎಂಬ ಸಂಸ್ಕೃತ ಶಬ್ದಕ್ಕೆ ಕೊಂಬು ಎಂದೂ ಶಿಖರ ಎಂದೂ ಅರ್ಥ. ನಮ್ಮ ನೆರೆಯ ಶೃಂಗೇರಿಯ ಹೆಸರಿನಲ್ಲಿಯೂ ಈ ಶಬ್ದವಿದೆ. ಆದುದರಿಂದ ಶೃಂಗವೆಂದೊಡನೆ ಮೇಲೆ ಇರುವುದು, ಚಾಚಿಕೊಂಡಿರುವುದು ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಸಹಜವಾಗಿಯೇ ಮೂಡುತ್ತದೆ. ಮೇಜಿನ ಮೇಲೆ ಪೆಟ್ಟಿಗೆಯೊಂದನ್ನಿಟ್ಟು ‘ಇದರ ಶೃಂಗಗಳನ್ನು ತೋರಿಸು’ ಎಂದರೆ ಮೇಲಿನ ನಾಲ್ಕು ಮೂಲೆಗಳನ್ನು ಮುಟ್ಟಿ ಅಲ್ಲಿಗೇ ನಿಲ್ಲಿಸಿಬಿಡುವವರನ್ನು ನಾನು ಕಂಡಿದ್ದೇನೆ. ಕೆಳಗಿನ ನಾಲ್ಕೂ ಶೃಂಗಗಳೇ ಎಂದರೆ ಅವರಿಗೆ ಆಶ್ಚರ್ಯ. ‘ಅಂಚು’ ಎಂಬ ಮಾತಿನ ಕಥೆಯೂ ಇಂಥದೇ. ಸೀರೆಯ ಅಂಚಿಗೆ ನಾಲ್ಕು ಬೆರಳಿನ ಅಗಲವಿದೆ. ರೇಖಾಗಣಿತದ ಅಂಚಿಗೆ ಅಗಲವೇ ಇಲ್ಲ. ತಟ್ಟೆಯ ಅಂಚು, ಬಾವಿಯ ಅಂಚು ದುಂಡಗಿರುತ್ತವೆ. ರೇಖಾಗಣಿತದ ಅಂಚು ದುಂಡಗಿರಬಹುದೆ ಎಂಬುದೇ ಈಗ ನಮ್ಮ ಮುಂದಿರುವ ವಿವಾದ. ಹುಡುಗಿಯು ಶಂಕುವಿನ ಬುಡದ ಸುತ್ತುಗೆರೆಯನ್ನು ಅಂಚು ಎಂದಾಗ, ಆಡುಮಾತು ಆ ಪದಕ್ಕೆ ಕೊಟ್ಟ ಅರ್ಥವನ್ನೇ ಹಿಡಿದಿದ್ದಳು. ಶಾಸ್ತ್ರವು ಅದೇ ಮಾತಿಗೆ ಬೇರೆ ಅರ್ಥವನ್ನು ಕೊಟ್ಟಿದ್ದರೆ ಅದನ್ನು ಮೊದಲೇ ತಿಳಿಸುವ ಹೊಣೆ ಕಲಿಸುವವರದು.

ಶೃಂಗವೆಂದರೆ ಶಿಖರವಲ್ಲವೆಂಬುದಕ್ಕೆ ನಮ್ಮ ನಾಡಿನ ಶಿಲ್ಪಿಗಳೇ ಒಳ್ಳೆಯ ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾರೆ. ಭದ್ರಾವತಿಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳರ ಕಾಲದ ತ್ರಿಕೂಟ. ಅದರ ಹೊರಗೋಡೆಯ ಬುಡದಲ್ಲಿ ಒಂದು ಸುತ್ತು ಬಂದರೆ ಹೊರಕ್ಕೆ ಚಾಚಿದ ಮೂಲೆಗಳೂ ಒಳಕ್ಕೆ ಸರಿದ ಮೂಲೆಗಳೂ ಒಂದಾದ ಮೇಲೊಂದರಂತೆ ಎದುರಾಗುತ್ತವೆ. ಅದೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಒಂದೊಂದು ಗರ್ಭಗುಡಿಯ ತಳವಿನ್ಯಾಸವೂ ಹದಿನಾರು ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಷ್ಟು ತಿರುಗಿಸುತ್ತ, ನಾಲ್ಕು ನಿಲುವುಗಳಲ್ಲಿ ಒಂದರ ಮೇಲೊಂದು ಬರೆದರೆ ಅಂಥ ನಕ್ಷತ್ರ ದೊರೆಯುತ್ತದೆ. ಅದಕ್ಕೆ ಎಷ್ಟು ಶೃಂಗಗಳು? ‘ಹದಿನಾರು’ ಎಂದು ಥಟ್ಟನೆ ಹೇಳುವವರೇ ಹೆಚ್ಚು. ಆದರೆ ಎರಡೆರಡು ಮೊನೆಗಳ ನಡುವೆ ಒಳಕ್ಕೆ ಸರಿದ ಮೂಲೆಯೊಂದಿದೆ. ಅಲ್ಲಿಯೂ ಎರಡು ಗೆರೆಗಳು ಕೂಡುತ್ತವೆ, ದಿಕ್ಕು ಬದಲಾಗುತ್ತದೆ. ಪೂರ್ಣ ನಕ್ಷತ್ರದಲ್ಲಿ ಶೃಂಗಗಳು 32, ಬಾಹುಗಳೂ 32. (ಕಟ್ಟಡದಲ್ಲಿ ಮಂಟಪಕ್ಕೆ ಸೇರಿಕೊಂಡಿರುವ ಕಡೆಯ ಮೂಲೆಗಳು ಕಾಣುವುದಿಲ್ಲವೆಂಬುದು ಬೇರೆ ಮಾತು.) ಚಾಚಿಕೊಂಡಿರುವುದು ಶೃಂಗದ ಲಕ್ಷಣವಲ್ಲ, ಗೆರೆಗಳು ಅಲ್ಲಿ ಸಂಧಿಸುವುದೇ ಅದರ ಲಕ್ಷಣ.

ಈಗ ಸಮತಲದ ಆಕೃತಿಯಿಂದ ಘನಾಕೃತಿಗೆ ಬರೋಣ. ಇಟ್ಟಿಗೆ, ಪೆಟ್ಟಿಗೆ, ಪಿರಮಿಡ್ಡು ಮೊದಲಾಗಿ ಎಲ್ಲ ಕಡೆಗಳಲ್ಲಿಯೂ ಚಪ್ಪಟೆಯಾದ ಮುಖಗಳಿಂದ ಮುಚ್ಚಿದ ಆಕೃತಿಗಳಿಗೆ ಬಹುಮುಖ ಘನಗಳೆಂದು ಹೆಸರು. ಇವುಗಳಲ್ಲಿ ಎರಡು ಮುಖಗಳು ಕೂಡುವ ಸರಳರೇಖೆಯೇ ಅಂಚು. ಆ ಅಂಚುಗಳು ಕೊನೆಗಾಣುವ ಬಿಂದುವೇ ಶೃಂಗ. ಹೀಗೆ ಹೇಳಿದಾಗ ಒಂದು ಮುಖ್ಯವಾದ ಸಂಗತಿ ಹೊರಬೀಳುತ್ತದೆ. ಅಂಚಾಗಲಿ ಶೃಂಗವಾಗಲಿ ಯಾವ ಒಂದು ಮುಖದ ಸ್ವತ್ತೂ ಅಲ್ಲ. ಎರಡು ಹೊಲಗಳ ನಡುವಿನ ಬದುವಿನಂತೆ ಅದು ಹಂಚಿಕೆಯ ಸ್ಥಾನ. ನಮ್ಮ ಪಾಠಗಳಲ್ಲಿ ತಪ್ಪಿಹೋಗುತ್ತಿರುವುದು ಈ ಹಂಚಿಕೆಯ ಭಾವನೆಯೇ ಎಂಬುದು ನನ್ನ ದೂರು.

ಘನಕ್ಕೆ 8 ಶೃಂಗ, 12 ಅಂಚು, 6 ಮುಖ ಎಂದು ಬಾಯಿಪಾಠ ಒಪ್ಪಿಸದ ವಿದ್ಯಾರ್ಥಿಯಿಲ್ಲ. ಹನ್ನೆರಡೇ ಏಕೆ ಎಂದು ಕೇಳಿದರೆ ಚಿತ್ರವನ್ನು ನೋಡಿ ಎಣಿಸುತ್ತಾನೆ. ಎಣಿಸದೆಯೂ ಇದನ್ನು ಕಂಡುಕೊಳ್ಳಬಹುದು. ಘನದ ಆರು ಮುಖಗಳನ್ನು ಬಿಡಿಬಿಡಿಯಾಗಿ ರಟ್ಟಿನಿಂದ ಕತ್ತರಿಸಿಕೊಳ್ಳಿರಿ. ಆರು ಚೌಕಗಳಿಗೆ ಒಟ್ಟು 24 ಬಾಹುಗಳು, 24 ಮೂಲೆಗಳು. ಚೌಕಗಳನ್ನು ಅಂಟಿಸಿ ಘನವನ್ನು ಕಟ್ಟುವಾಗ ಎರಡೆರಡು ಬಾಹುಗಳು ಸೇರಿ ಒಂದೊಂದು ಅಂಚಾಗುತ್ತವೆ: 24ರ ಅರ್ಧ 12. ಮೂರು ಮೂರು ಮೂಲೆಗಳು ಸೇರಿ ಒಂದೊಂದು ಶೃಂಗವಾಗುತ್ತವೆ: 24ರಲ್ಲಿ ಮೂರನೆಯ ಒಂದು ಭಾಗ 8. ಇದೇ ಯುಕ್ತಿಯನ್ನು ನಿಮ್ಮ ಕೈಯಲ್ಲಿರುವ, ಇನ್ನೂ ಹೆರೆಯದ ಆರು ಪಟ್ಟಿಯ ಪೆನ್ಸಿಲಿಗೆ ಅನ್ವಯಿಸಿ ನೋಡಿ. ತುದಿಗಳ ಎರಡು ಷಡ್ಭುಜಗಳಿಂದ 12, ಬದಿಯ ಆರು ಆಯತಗಳಿಂದ 24, ಒಟ್ಟು 36 ಬಾಹುಗಳು. ಅಂಚುಗಳು 18. ಒಂದೊಂದು ಶೃಂಗದಲ್ಲಿಯೂ ಮೂರು ಮುಖಗಳು ಕೂಡುವುದರಿಂದ ಶೃಂಗಗಳು 12. ಈ ರೀತಿ ಕಂಡುಕೊಂಡವನು ಸಂಖ್ಯೆಗಳನ್ನು ಮರೆತರೂ ಮತ್ತೆ ಪಡೆಯಬಲ್ಲನು. ಬಾಯಿಪಾಠ ಮಾಡಿದವನು ಮರೆತರೆ ಕೈಚೆಲ್ಲಿ ಕೂರಬೇಕಾಗುತ್ತದೆ.

ಇದೆಲ್ಲ ಚಿಕ್ಕ ತರಗತಿಯ ವಿಷಯ, ಮುಂದೆ ತಾನಾಗಿಯೇ ಸರಿಹೋಗುತ್ತದೆ ಎಂದು ಕೆಲವರು ಹೇಳಬಹುದು. ಸರಿಹೋಗುವುದಿಲ್ಲ. ಇದನ್ನು ನಾನು ನನ್ನದೇ ತರಗತಿಯಲ್ಲಿ, ನನ್ನದೇ ತಪ್ಪಿನಿಂದ ಕಲಿತೆನು. ಪದವಿ ತರಗತಿಗಳಿಗೆ ಸ್ಫಟಿಕಗಳ ರಚನೆಯನ್ನು ಬೋಧಿಸುವಾಗ ನಾನು ಕಬ್ಬಿಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವ ವಾಡಿಕೆ. ಕೆಮ್ಮಣ್ಣುಗುಂಡಿಯ ಅದಿರಿನಿಂದ 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಾರ್ಖಾನೆ ನೆರೆಯ ಭದ್ರಾವತಿಯಲ್ಲಿರುವಾಗ ಬೇರೆ ಉದಾಹರಣೆಯನ್ನು ಹುಡುಕುವ ಅಗತ್ಯವೇನು? ಕಬ್ಬಿಣದ ಪರಮಾಣುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುವುದಿಲ್ಲ, ಪುಟ್ಟ ಪುಟ್ಟ ಘನಗಳನ್ನು ಜೋಡಿಸಿದಂತೆ ಅಣಿಯಾಗಿರುತ್ತವೆ ಎಂಬುದನ್ನು 1917ರಲ್ಲಿ ಅಮೆರಿಕದ ಆಲ್ಬರ್ಟ್ ಹಲ್ ಎಂಬ ವಿಜ್ಞಾನಿಯು ಕ್ಷ-ಕಿರಣಗಳ ಸಹಾಯದಿಂದ ತೋರಿಸಿಕೊಟ್ಟನು. ಒಂದೊಂದು ಘನದ ಎಂಟು ಶೃಂಗಗಳಲ್ಲಿಯೂ ಒಂದೊಂದು ಪರಮಾಣು, ನಟ್ಟನಡುವೆ ಇನ್ನೊಂದು. ಘನದ ಅಂಚಿನ ಉದ್ದ 2.87 ಆಂಗ್‌ಸ್ಟ್ರಾಮ್, ಆಂಗ್‌ಸ್ಟ್ರಾಮ್ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು.

ಇಷ್ಟನ್ನು ತಿಳಿಸಿ, ಇದರಿಂದ ಕಬ್ಬಿಣದ ಸಾಂದ್ರತೆಯನ್ನು ಗಣಿಸಿರೆಂದು ಒಮ್ಮೆ ಮನೆಗೆಲಸ ಕೊಟ್ಟಿದ್ದೆನು. ಒಬ್ಬ ವಿದ್ಯಾರ್ಥಿ ಎಂಟಕ್ಕೆ ಒಂದನ್ನು ಕೂಡಿಸಿ, ಘನವೊಂದಕ್ಕೆ ಒಂಬತ್ತು ಪರಮಾಣುಗಳೆಂದು ಲೆಕ್ಕ ಹಾಕಿ, ಒಂದು ಘನ ಸೆಂಟಿಮೀಟರ್ ಕಬ್ಬಿಣ 35 ಗ್ರಾಮಿಗಿಂತ ಹೆಚ್ಚು ತೂಗುತ್ತದೆಂದು ಬರೆದನು. ನಾನು ಅದರ ಮೇಲೆ ಗೀಟು ಹಾಕಿ ‘ಮೂಲೆಯ ಪರಮಾಣುವಿಗೆ ಎಂಟರಲ್ಲೊಂದು’ ಎಂಬ ಸೂತ್ರವನ್ನು ಬರೆದು ಹಿಂದಿರುಗಿಸಿದೆನು. ಮುಂದಿನ ಪರೀಕ್ಷೆಯಲ್ಲಿ ಅವನು ಸೂತ್ರವನ್ನು ತಪ್ಪಿಲ್ಲದೆ ಬರೆದನು. ಆದರೆ ಅಂಚಿನ ಮಧ್ಯದಲ್ಲಿ ಪರಮಾಣು ಇದ್ದರೆ ಅದರ ಪಾಲೆಷ್ಟು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಆ ಸೂತ್ರವನ್ನು ನಾನು ಹೇಳಿಕೊಟ್ಟಿರಲಿಲ್ಲವಷ್ಟೆ! ಅಂದು ನನ್ನ ಕೆಂಪು ಗೀಟಿಗೂ ಈ ಹುಡುಗಿಯ ಉತ್ತರಪತ್ರಿಕೆಯ ಮೇಲಿನ ಗೀಟಿಗೂ ಏನೂ ಭೇದವಿಲ್ಲ.

ಮರುವರ್ಷ ನಾನು ಎಂಟು ಬೆಂಕಿಪೊಟ್ಟಣಗಳನ್ನು ತರಗತಿಗೆ ಕೊಂಡೊಯ್ದೆನು. ಕೆಳಗೆ ನಾಲ್ಕು, ಅವುಗಳ ಮೇಲೆ ನಾಲ್ಕು. ಅವೆಲ್ಲವೂ ಕೂಡುವ ನಡುಬಿಂದುವನ್ನು ಗಮನಿಸಿರೆಂದು ಹೇಳಿದೆನು. ಅದು ಎಂಟು ಪೊಟ್ಟಣಗಳಿಗೂ ಸಮಾನವಾದ ಶೃಂಗ. ಅಲ್ಲಿ ಪರಮಾಣುವೊಂದಿದ್ದರೆ ಒಂದೊಂದು ಪೊಟ್ಟಣಕ್ಕೆ ಸಲ್ಲುವುದು ಎಂಟರಲ್ಲೊಂದು ಪಾಲು ಮಾತ್ರ. ಒಂದು ಅಂಚನ್ನು ಸುತ್ತುವರಿದಿರುವ ಪೊಟ್ಟಣಗಳು ನಾಲ್ಕು. ಆದುದರಿಂದ ಅಂಚಿನ ಮೇಲಿನ ಪರಮಾಣುವಿಗೆ ಕಾಲು ಪಾಲು. ಒಂದು ಮುಖಕ್ಕೆ ಎರಡು ಕಡೆಗಳಿಂದ ಎರಡು ಪೊಟ್ಟಣಗಳು; ಮುಖದ ಮೇಲಿನದಕ್ಕೆ ಅರ್ಧ. ಸೂತ್ರವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಕಬ್ಬಿಣದ ಘನದಲ್ಲಿ ಎಂಟು ಶೃಂಗಗಳ ಎಂಟನೆಯ ಒಂದು ಪಾಲುಗಳು ಸೇರಿ ಒಂದು, ನಡುವಿನದು ಇನ್ನೊಂದು, ಒಟ್ಟು ಎರಡು ಪರಮಾಣುಗಳು. ಎರಡೆಂದು ಹಿಡಿದು ಗಣಿಸಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.9 ಗ್ರಾಂ ಎಂದು ಬರುತ್ತದೆ. ತಕ್ಕಡಿಯಲ್ಲಿ ತೂಗಿದಾಗ ದೊರೆಯುವುದು 7.87. ಒಂಬತ್ತೆಂದು ಹಿಡಿದರೆ ಬರುವ 35, ಲೋಹಗಳಲ್ಲೆಲ್ಲ ಅತ್ಯಂತ ಸಾಂದ್ರವಾದ ಆಸ್ಮಿಯಮ್ಮಿನ 22.6ನ್ನೂ ಮೀರಿಸುತ್ತದೆ! ಶೃಂಗವನ್ನು ತಪ್ಪಾಗಿ ಎಣಿಸಿದವನ ಕಬ್ಬಿಣ ಭೂಮಿಯಲ್ಲಿ ಎಲ್ಲಿಯೂ ದೊರೆಯದು.

ಅಂಚಿನ ಮಾತೂ ಅಷ್ಟೇ ಮಹತ್ತ್ವದ್ದು. ಶುದ್ಧ ಕಬ್ಬಿಣವನ್ನು 912 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಾಗಿ ಕಾಯಿಸಿದಾಗ ಪರಮಾಣುಗಳು ಹೊಸ ರೀತಿಯಲ್ಲಿ ಅಣಿಯಾಗುತ್ತವೆ. ಆಗ ಅವು ಘನದ ಶೃಂಗಗಳಲ್ಲಿಯೂ ಮುಖಗಳ ಮಧ್ಯದಲ್ಲಿಯೂ ಇರುತ್ತವೆ. ಶೃಂಗಗಳಿಂದ ಒಂದು, ಆರು ಮುಖಗಳ ಅರ್ಧಗಳಿಂದ ಮೂರು, ಒಟ್ಟು ನಾಲ್ಕು. ಉಕ್ಕೆಂಬುದು ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ ಪದಾರ್ಥವಷ್ಟೆ. ಈ ಬಿಸಿ ಕಬ್ಬಿಣದಲ್ಲಿ ಇಂಗಾಲದ ಸಣ್ಣ ಪರಮಾಣುಗಳಿಗೆ ಕುಳಿತುಕೊಳ್ಳಲು ತೆರಪು ದೊರೆಯುವುದು ಘನದ ನಡುವಿನಲ್ಲಿ ಮತ್ತು ಹನ್ನೆರಡು ಅಂಚುಗಳ ಮಧ್ಯದಲ್ಲಿ. ಹನ್ನೆರಡರ ಕಾಲು ಮೂರು, ನಡುವಿನದು ಒಂದು, ಹೀಗೆ ಘನವೊಂದಕ್ಕೆ ನಾಲ್ಕು ತೆರಪುಗಳು. ಅವುಗಳಲ್ಲಿ ಅಲ್ಪಭಾಗ ಮಾತ್ರ ತುಂಬುತ್ತದೆ. ಇಂಗಾಲದ ಪ್ರಮಾಣ ತೂಕದಲ್ಲಿ ಹೆಚ್ಚೆಂದರೆ ಶೇಕಡ 2ರ ಸುಮಾರಿನದು. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿನಲ್ಲಿ ಅದ್ದಿದಾಗ ಈ ಇಂಗಾಲಕ್ಕೆ ಹೊರಬರಲು ಅವಕಾಶ ಸಾಲದೆ ಪರಮಾಣುಗಳ ಜೋಡಣೆ ಸೊಟ್ಟಗಾಗುತ್ತದೆ, ಉಕ್ಕು ಗಡುಸಾಗುತ್ತದೆ. ಕುಲುಮೆಯಲ್ಲಿ ಕುಡುಗೋಲಿಗೆ ನೀರು ಕೊಡುವ ಕಮ್ಮಾರನ ಕೆಲಸದ ಮರ್ಮವೂ ಹೀಗೆ ಘನದ ಅಂಚುಗಳಲ್ಲಿ ಅಡಗಿದೆ. ಎಂಟನೆಯ ತರಗತಿಯಲ್ಲಿ ಅಂಚನ್ನು ಬರಿಯ ಗೆರೆಯೆಂದು ಕಲಿತವನಿಗೆ ಇಲ್ಲಿ ದಾರಿ ಕಾಣದು.

ಅಂಚಿನ ಮಹತ್ತ್ವವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಆರ್ಯಭಟನು ಕ್ರಿ.ಶ. 499ರ ಕಾಲದ ತನ್ನ ‘ಆರ್ಯಭಟೀಯ’ದಲ್ಲಿ ಘನಾಕೃತಿಯನ್ನು ‘ದ್ವಾದಶಾಶ್ರಿ’ ಎಂದೂ ತ್ರಿಕೋನದ ಬುಡವುಳ್ಳ ಪಿರಮಿಡ್ಡನ್ನು ‘ಷಡಶ್ರಿ’ ಎಂದೂ ಕರೆದಿದ್ದಾನೆ. ಅಶ್ರಿ ಎಂದರೆ ಅಂಚು. ಹನ್ನೆರಡು ಅಂಚುಗಳದು, ಆರು ಅಂಚುಗಳದು ಎಂದು ಅರ್ಥ. ಗ್ರೀಕರು ಇದೇ ಪಿರಮಿಡ್ಡಿಗೆ ಮುಖಗಳನ್ನು ಎಣಿಸಿ ‘ನಾಲ್ಕು ಮುಖದ್ದು’ ಎಂಬ ಅರ್ಥದ ಹೆಸರಿಟ್ಟರು. ಒಂದೇ ವಸ್ತುವನ್ನು ಎರಡು ನಾಡಿನವರು ಎರಡು ರೀತಿಯಲ್ಲಿ ಎಣಿಸಿದರು, ಇಬ್ಬರೂ ಸರಿಯೇ. ಇನ್ನೊಂದು ಸ್ವಾರಸ್ಯವೂ ಇಲ್ಲಿದೆ. ಷಡಶ್ರಿಯ ಅಂಚುಗಳನ್ನು ಸರಿಯಾಗಿ ಎಣಿಸಿದ ಆರ್ಯಭಟನು ಅದರ ಗಾತ್ರವನ್ನು ಬುಡದ ಕ್ಷೇತ್ರಫಲ ಮತ್ತು ಎತ್ತರಗಳ ಗುಣಲಬ್ಧದ ಅರ್ಧವೆಂದನು. ಅದು ಮೂರನೆಯ ಒಂದು ಭಾಗವಾಗಬೇಕು. 628ರಲ್ಲಿ ಬ್ರಹ್ಮಗುಪ್ತನು ಸರಿಯಾದ ನಿಯಮವನ್ನು ಕೊಟ್ಟನು. ಆರ್ಯಭಟನಂಥವನ ಮಾತನ್ನೂ ಪರೀಕ್ಷಿಸಿ ತಿದ್ದಬಹುದಾದ ಶಾಸ್ತ್ರ ಇದು. ಹಾಗಿರುವಾಗ ಪಠ್ಯಪುಸ್ತಕವನ್ನು ಪ್ರಶ್ನಿಸಿದ ಹುಡುಗಿಯನ್ನು ಗದರಿಸಿ ಕೂರಿಸುವುದು ಎಷ್ಟರಮಟ್ಟಿಗೆ ಉಚಿತ?

ಯುರೋಪಿನಲ್ಲಿ ಅಂಚಿಗೆ ಪ್ರತ್ಯೇಕವಾದ ಹೆಸರೊಂದು ದೊರೆತದ್ದು ತೀರ ತಡವಾಗಿ. 1750ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞನು ತನ್ನ ಮಿತ್ರನಾದ ಗೋಲ್ಡ್‌ಬಾಖ್‌ನಿಗೆ ಪತ್ರವೊಂದನ್ನು ಬರೆದನು. ಬಹುಮುಖ ಘನಗಳ ಮುಖಗಳು ಕೂಡುವ ಗೆರೆಗಳಿಗೆ, ಕತ್ತಿಯ ಅಲಗನ್ನು ಸೂಚಿಸುವ ಲ್ಯಾಟಿನ್ ಮಾತೊಂದನ್ನು ಅವನು ಹೆಸರಾಗಿ ಬಳಸಿದನು. ಹೆಸರು ದೊರೆತ ಮೇಲೆ ಎಣಿಸುವುದು ಸುಲಭವಾಯಿತು. ಎಣಿಸಿದಾಗ ನಿಯಮವೊಂದು ಗೋಚರಿಸಿತು. ಶೃಂಗಗಳ ಸಂಖ್ಯೆಯಿಂದ ಅಂಚುಗಳ ಸಂಖ್ಯೆಯನ್ನು ಕಳೆದು ಮುಖಗಳ ಸಂಖ್ಯೆಯನ್ನು ಕೂಡಿಸಿದರೆ ಯಾವಾಗಲೂ 2 ಬರುತ್ತದೆ. ಘನಕ್ಕೆ 8 − 12 + 6 = 2. ಪೆನ್ಸಿಲಿಗೆ 12 − 18 + 8 = 2. ಷಡಶ್ರಿಗೆ 4 − 6 + 4 = 2. ಯೂಕ್ಲಿಡ್ಡನ ಕಾಲದಿಂದಲೂ ವಿದ್ವಾಂಸರ ಕಣ್ಣೆದುರಿಗೇ ಇದ್ದ ಇಷ್ಟು ಸರಳವಾದ ನಿಯಮವನ್ನು ಸ್ಪಷ್ಟವಾಗಿ ಸಾರಲು ಎರಡು ಸಾವಿರ ವರ್ಷಗಳು ಬೇಕಾದವು. ಆಯ್ಲರನಿಗೂ ಇದನ್ನು ನಿರ್ದುಷ್ಟವಾಗಿ ಸಾಧಿಸಲು ಆಗಲಿಲ್ಲ. 1794ರಲ್ಲಿ ಲಜಾಂದ್ರ್ ಎಂಬ ಫ್ರೆಂಚ್ ಗಣಿತಜ್ಞನು ಸಮರ್ಪಕವಾದ ಸಾಧನೆಯನ್ನು ಕೊಟ್ಟನು.

ಈ ನಿಯಮವನ್ನು ಕಲಿತ ವಿದ್ಯಾರ್ಥಿಯು ಮಾಡಬೇಕಾದ ಮೊದಲ ಕೆಲಸವೆಂದರೆ ಅದು ಎಲ್ಲಿ ಮುರಿಯುತ್ತದೆಂದು ಹುಡುಕುವುದು. ರಾಗಿಯನ್ನು ಅಳೆಯುವ ಸೇರನ್ನು ತೆಗೆದುಕೊಳ್ಳಿ. ಅಂಚಿನ ಮಟ್ಟಕ್ಕೆ ರಾಗಿಯನ್ನು ತುಂಬಿ ಸಮ ಮಾಡಿದಾಗ ಅದು ಒಂದು ಸಿಲಿಂಡರು. ಮೇಲೊಂದು, ಕೆಳಗೊಂದು, ಸುತ್ತಲೂ ಒಂದು, ಹೀಗೆ ಮೂರು ಮುಖಗಳು, ದುಂಡನೆಯ ಗೆರೆಗಳನ್ನೂ ಅಂಚುಗಳೆಂದು ಒಪ್ಪಿದರೆ ಅಂಚುಗಳು ಎರಡು, ಶೃಂಗಗಳಿಲ್ಲ. 0 − 2 + 3 = 1. ನಿಯಮ ಮುರಿಯಿತು! ಆಯ್ಲರನು ತಪ್ಪಿದನೆ? ಇಲ್ಲ. ಅವನ ಲೆಕ್ಕದಲ್ಲಿ ಪ್ರತಿಯೊಂದು ಅಂಚೂ ಎರಡು ಶೃಂಗಗಳ ನಡುವೆ ಇರಬೇಕು. ಇಲ್ಲಿಯ ಅಂಚುಗಳಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಸೇರಿನ ಬದಲು ತಗಡಿನ ಡಬ್ಬವನ್ನು ತೆಗೆದುಕೊಂಡರೆ ಅದರ ಮೈಯ ಮೇಲೆ ಬುಡದಿಂದ ಬಾಯಿಯವರೆಗೆ ಬೆಸುಗೆಯ ಗೆರೆಯೊಂದು ಕಾಣುತ್ತದೆ. ಅದನ್ನೂ ಅಂಚೆಂದು ಎಣಿಸಿ, ಅದರ ಎರಡು ತುದಿಗಳನ್ನು ಶೃಂಗಗಳೆಂದು ಎಣಿಸಿರಿ. 2 − 3 + 3 = 2. ನಿಯಮ ಮತ್ತೆ ನಿಂತಿತು.

ಶಂಕುವಿನ ಸಂಗತಿ ಇನ್ನೂ ವಿಚಿತ್ರ. ಹುಡುಗಿಯ ಉತ್ತರದಂತೆ 1 − 1 + 2 = 2; ಸರಿಯಾಗಿಯೇ ಬರುತ್ತದೆ. ಆದರೆ ಇದನ್ನು ಸಾಧನೆಯೆಂದು ಭಾವಿಸಲಾಗದು. ಬುಡದ ಅಂಚಿಗೆ ತುದಿಗಳಿಲ್ಲವೆಂಬ ದೋಷವೂ, ಮೇಲಿನ ಶೃಂಗವು ಯಾವ ಅಂಚಿಗೂ ಸೇರದೆ ಬದಿಯ ಮುಖದ ನಡುವೆ ಒಂಟಿಯಾಗಿ ನಿಂತಿದೆಯೆಂಬ ದೋಷವೂ ಒಂದನ್ನೊಂದು ಕಳೆದು ಲೆಕ್ಕವನ್ನು ಸರಿದೂಗಿಸಿವೆ. ಕಡಲೆಕಾಯಿ ಕಟ್ಟುವ ಕಾಗದದ ಶಂಕುವಿನಂತೆ ಇದಕ್ಕೂ ತುದಿಯಿಂದ ಬುಡಕ್ಕೆ ಅಂಟಿಸಿದ ಗೆರೆಯೊಂದನ್ನು ಕಲ್ಪಿಸಿಕೊಂಡರೆ ಶೃಂಗ ಎರಡು, ಅಂಚು ಎರಡು, ಮುಖ ಎರಡು; 2 − 2 + 2 = 2. ಈಗ ಉತ್ತರವೂ ಸರಿ, ಕಾರಣವೂ ಸರಿ. ಹಾಗೆಯೇ ನಾಲ್ಕು ಪಟ್ಟಿಗಳ ತುದಿಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿದ ಫೋಟೋ ಚೌಕಟ್ಟನ್ನು ಎಣಿಸಿ ನೋಡಿ. ಜೋಡಣೆಯ ಗೆರೆಗಳನ್ನೂ ಸೇರಿಸಿದರೆ ಶೃಂಗಗಳು 16, ಅಂಚುಗಳು 32, ಮುಖಗಳು 16; 16 − 32 + 16 = 0! ನಡುವಿನ ತೂತು ಎರಡನ್ನು ನುಂಗಿತು. 1813ರ ಸುಮಾರಿಗೆ ಲ್ಯೂಯಿಲಿಯೇ ಎಂಬ ಸ್ವಿಸ್ ಗಣಿತಜ್ಞನು ಇಂಥ ಅಪವಾದಗಳನ್ನು ಪಟ್ಟಿಮಾಡಿ ತೋರಿಸಿದನು. ಅಂಚೆಂದರೇನು, ಮುಖವೆಂದರೇನು, ತೂತೆಂದರೇನು ಎಂಬ ವಿಚಾರಣೆ ಅಲ್ಲಿಂದ ಮುಂದೆ ಬಹುಕಾಲ ನಡೆದು, ಸಂಸ್ಥಿತಿಶಾಸ್ತ್ರವೆಂಬ ಹೊಸ ಗಣಿತಶಾಖೆಗೆ ನೆಲೆಗಟ್ಟಾಯಿತು. ಹುಡುಗಿಯು ಕೇಳಿದ ಪ್ರಶ್ನೆಯೂ ಈ ಜಾತಿಯದೇ.

ಹಾಗಾದರೆ ಆಕೆಗೆ ನಾನು ಕೊಟ್ಟ ಉತ್ತರವೇನು? “ಅಂಚೆಂದರೆ ಎರಡು ಚಪ್ಪಟೆ ಮುಖಗಳು ಕೂಡುವ ಸರಳರೇಖೆ ಎಂದು ಒಪ್ಪಿಕೊಂಡರೆ ಶಂಕುವಿಗೆ ಅಂಚಿಲ್ಲ. ಎರಡು ಮುಖಗಳು, ಚಪ್ಪಟೆಯಾಗಿರಲಿ ಬಾಗಿರಲಿ, ಕೂಡುವ ಗೆರೆ ಎಂದು ಒಪ್ಪಿಕೊಂಡರೆ ಒಂದು ಅಂಚಿದೆ. ಎರಡು ಪುಸ್ತಕಗಳೂ ಒಂದೊಂದು ಒಪ್ಪಂದವನ್ನು ಹಿಡಿದಿವೆ, ಆದರೆ ಅದನ್ನು ಬಾಯಿಬಿಟ್ಟು ಹೇಳಿಲ್ಲ. ತಪ್ಪು ನಿನ್ನದಲ್ಲಮ್ಮ, ಪ್ರಶ್ನೆಯದು” ಎಂದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೆಯ ಒಪ್ಪಂದದಲ್ಲಿ ಅಂಚುಗಳು ಕೂಡುವ ಕಡೆ ತಾನೆ ಸಾರ್, ಶೃಂಗ? ಅಂಚೇ ಇಲ್ಲದಿದ್ದರೆ ಶಂಕುವಿಗೆ ಶೃಂಗ ಹೇಗೆ ಬಂತು?” ಎಂದು ಕೇಳಿದಳು. ‘ಒಂದು ಶೃಂಗ, ಅಂಚಿಲ್ಲ’ ಎಂದು ಬರೆದು ಪೂರ್ಣ ಅಂಕವನ್ನು ಪಡೆದವರಾರಿಗೂ ಈ ಸಂದೇಹ ಬಂದಿರಲಾರದು. ನಿಜವಾಗಿಯೂ ಶಂಕುವಿನ ತುದಿಯನ್ನು ಶೃಂಗವೆನ್ನಬೇಕಾದರೆ ಮೂರನೆಯ ಒಪ್ಪಂದವೊಂದು ಬೇಕಾಗುತ್ತದೆ.

ಭೌತಶಾಸ್ತ್ರದ ಅಧ್ಯಾಪಕನಾಗಿ ಇಲ್ಲಿ ಒಂದು ಮಾತನ್ನು ಸೇರಿಸಬೇಕು. ರಾಗಿಗುಡ್ಡವೆಂಬ ಹೆಸರನ್ನು ಕೇಳಿದಾಗಲೆಲ್ಲ ಕಣದಲ್ಲಿ ಸುರಿದ ರಾಗಿಯ ರಾಶಿಯೇ ನನ್ನ ಕಣ್ಣಮುಂದೆ ಬರುತ್ತದೆ. ಮೇಲಿನಿಂದ ಕಾಳನ್ನು ಸುರಿದಂತೆಲ್ಲ ರಾಶಿಯು ಶಂಕುವಿನ ಆಕಾರವನ್ನು ತಳೆಯುತ್ತದೆ. ಅದರ ಇಳಿಜಾರು ಒಂದು ಮಿತಿಯನ್ನು ಮೀರಿದೊಡನೆ ಕಾಳುಗಳು ಜಾರಿ, ಇಳಿಜಾರು ಮತ್ತೆ ಆ ಮಿತಿಗೇ ಬಂದು ನಿಲ್ಲುತ್ತದೆ. ಕಾಳು ಕಾಳಿನ ನಡುವಿನ ಘರ್ಷಣೆಯೇ ಈ ಕೋನವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ದೂರದಿಂದ ನೋಡಿದರೆ ರಾಶಿಗೆ ಚೂಪಾದ ಶೃಂಗವಿದೆ. ಹತ್ತಿರ ಹೋಗಿ ನೋಡಿದರೆ ನೆತ್ತಿಯಲ್ಲಿರುವುದು ಒಂದಷ್ಟು ದುಂಡನೆಯ ಕಾಳುಗಳು ಮಾತ್ರ. ಕ್ಷೌರದ ಅಲಗಿನ ಅಂಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಇದೇ ಅನುಭವ. ಅಗಲವಿಲ್ಲದ ಅಂಚಾಗಲಿ ಗಾತ್ರವಿಲ್ಲದ ಶೃಂಗವಾಗಲಿ ಪ್ರಪಂಚದ ವಸ್ತುಗಳಲ್ಲಿಲ್ಲ. ಅವು ನಮ್ಮ ಬುದ್ಧಿಯು ವಸ್ತುಗಳನ್ನು ಅರಿಯಲು ಕಲ್ಪಿಸಿಕೊಂಡ ಆದರ್ಶಗಳು. ಆದುದರಿಂದಲೇ ಅವುಗಳ ವಿಷಯದಲ್ಲಿ ಸ್ಪಷ್ಟವಾದ ಒಪ್ಪಂದ ಅವಶ್ಯಕ. ಕಲ್ಲನ್ನು ಎಡವಿ ತಿಳಿಯಬಹುದು. ಶೃಂಗವನ್ನು ವ್ಯಾಖ್ಯೆಯಿಂದಲೇ ತಿಳಿಯಬೇಕು.

ನನ್ನ ಈ ವಾದಕ್ಕೆ ಆಕ್ಷೇಪಣೆಗಳಿವೆಯೆಂದು ಬಲ್ಲೆನು. ಲಕ್ಷಾಂತರ ವಿದ್ಯಾರ್ಥಿಗಳು ಬರೆಯುವ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರವಿರಬೇಕು, ಇಲ್ಲವಾದರೆ ಮೌಲ್ಯಮಾಪನವೇ ಅಸಾಧ್ಯವೆಂದು ಹಿರಿಯ ಅಧ್ಯಾಪಕರು ಹೇಳುತ್ತಾರೆ. ಇದು ನ್ಯಾಯವಾದ ಮಾತು. ಆದರೆ ಅದಕ್ಕೆ ಪರಿಹಾರ ಸುಲಭ: ಪ್ರಶ್ನೆಯಲ್ಲಿಯೇ ವ್ಯಾಖ್ಯೆಯನ್ನು ಕೊಡಬಹುದು, ಅಥವಾ ವಿವಾದವಿಲ್ಲದ ಬಹುಮುಖ ಘನಗಳನ್ನೇ ಕೇಳಬಹುದು. ಎಳೆಯ ಮಕ್ಕಳಿಗೆ ಇಷ್ಟೆಲ್ಲ ಹೇಳಿದರೆ ಗೊಂದಲವಾಗುತ್ತದೆಂಬುದು ಇನ್ನೊಂದು ಆಕ್ಷೇಪಣೆ. ಗೊಂದಲವು ಆಗಲೇ ಆಗಿದೆಯಲ್ಲ! ಎರಡು ಪುಸ್ತಕಗಳು ಎರಡು ಬಗೆಯಾಗಿ ಹೇಳುವಾಗ ಮೌನವಾಗಿರುವುದರಿಂದ ಗೊಂದಲ ಕಡಿಮೆಯಾಗುವುದಿಲ್ಲ. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಆಟಕ್ಕೆ ಮೊದಲು ‘ಚೆಂಡು ಆ ಗೋಡೆಯನ್ನು ದಾಟಿದರೆ ಔಟು’ ಎಂದು ತಾವೇ ನಿಯಮ ಮಾಡಿಕೊಳ್ಳುತ್ತಾರೆ. ಮುಂದಿನ ಬೀದಿಯಲ್ಲಿ ಅದೇ ಹೊಡೆತಕ್ಕೆ ಆರು ಓಟಗಳು. ಇದರಿಂದ ಯಾವ ಹುಡುಗನೂ ಗೊಂದಲಗೊಂಡುದನ್ನು ನಾನು ಕಂಡಿಲ್ಲ. ಒಪ್ಪಂದವೆಂದರೇನೆಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೊನೆಯದಾಗಿ ಮೂರು ಸಲಹೆಗಳು. ಮೊದಲನೆಯದು, ಶೃಂಗ ಮತ್ತು ಅಂಚುಗಳ ಪಾಠವು ಕೈಕೆಲಸದಿಂದ ಆರಂಭವಾಗಲಿ. ಜೇಡಿಮಣ್ಣಿನ ಉಂಡೆಗಳು, ತೆಂಗಿನ ಗರಿಯ ಕಡ್ಡಿಗಳು, ಹಳೆಯ ರಟ್ಟು, ಇಷ್ಟಿದ್ದರೆ ಸಾಕು. ಇದಕ್ಕೆ ಪ್ರಯೋಗಶಾಲೆ ಬೇಡ. ಉಂಡೆಯೊಂದಕ್ಕೆ ಎಷ್ಟು ಕಡ್ಡಿ ಚುಚ್ಚಬೇಕೆಂದು ಕೈಯಿಂದ ತಿಳಿದವನು ಶೃಂಗವನ್ನು ಶಿಖರವೆಂದು ಭ್ರಮಿಸಲಾರನು. ಎರಡನೆಯದು, ಸಂಖ್ಯೆಗೆ ಅರ್ಧ ಅಂಕವನ್ನು ಕೊಟ್ಟು, ಕಾರಣಕ್ಕೆ ಉಳಿದರ್ಧವನ್ನು ಕೊಡಲಿ. ‘24ನ್ನು ಎರಡರಿಂದ ಭಾಗಿಸಿದೆ, ಏಕೆಂದರೆ ಒಂದು ಅಂಚು ಎರಡು ಮುಖಗಳಿಗೆ ಸೇರಿದ್ದು’ ಎಂದು ಬರೆಯಬಲ್ಲವನೇ ಪಾಠವನ್ನು ಕಲಿತವನು. ಮೂರನೆಯದು, ವಿದ್ಯಾರ್ಥಿಗಳಿಗೆ. ‘ಎಷ್ಟು?’ ಎಂಬ ಪ್ರಶ್ನೆ ಎದುರಾದಾಗಲೆಲ್ಲ ‘ಯಾವುದನ್ನು ಒಂದು ಎಂದು ಎಣಿಸಬೇಕು?’ ಎಂದು ಮೊದಲು ಕೇಳಿಕೊಳ್ಳಿರಿ. ಕಬ್ಬಿಣದ ಪರಮಾಣುಗಳಿಗೂ ಊರಿನ ಮನೆಗಳಿಗೂ ಈ ಪ್ರಶ್ನೆ ಸಮಾನವಾಗಿ ಅನ್ವಯಿಸುತ್ತದೆ.

ಆ ಹುಡುಗಿಯ ಸೊನ್ನೆ ಸೊನ್ನೆಯಾಗಿಯೇ ಉಳಿದಿದೆ. ಮರುದಿನ ಆಕೆ ಬಂದು, ಎರಡು ಶಂಕುಗಳನ್ನು ಬುಡಕ್ಕೆ ಬುಡ ಸೇರಿಸಿ ಅಂಟಿಸಿದರೆ ಬುಡದ ಗೆರೆ ಅಂಚಾಗಿ ಉಳಿಯುತ್ತದೆಯೆ ಎಂದು ಕೇಳಿದಳು. ಅಲ್ಲಿ ಕೂಡುವ ಎರಡು ಮುಖಗಳಲ್ಲಿ ಯಾವುದೂ ಚಪ್ಪಟೆಯಲ್ಲ; ಆದರೂ ಬೆರಳಿನಿಂದ ಸವರಿದರೆ ಏಣು ಸ್ಪಷ್ಟವಾಗಿ ತಾಗುತ್ತದೆ. ನಾನು ಉತ್ತರವನ್ನು ಹೇಳಲಿಲ್ಲ. ಅದನ್ನು ಅಂಚೆಂದು ಕರೆಯಲು ಯಾವ ಒಪ್ಪಂದ ಬೇಕೋ ಅದನ್ನು ಬರೆದುಕೊಂಡು ಬಾ ಎಂದು ಕಾಗದವನ್ನು ಕೊಟ್ಟು ಕಳುಹಿಸಿದ್ದೇನೆ. ವಾಚಕ ಮಿತ್ರರೂ ಪ್ರಯತ್ನಿಸಿ ನೋಡಬಹುದು.